ಹನ್ನೊಂದು ಗಂಟೆಗೆ ಮನೆಯಲ್ಲಿ ಇಲ್ಲದವರು

ಕಳೆದ ವಾರ ನಾಲ್ಕು ದಿನ ನಾನು ಬೇರೆಯವರ ಮನೆಯ ಬಾಗಿಲು ತೆರೆದುಕೊಂಡು ಒಳಗೆ ಕೂತಿದ್ದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಮನೆಯವರು ಯಾರೂ ಇರಲಿಲ್ಲ.

ಗಾಬರಿಯಾಗಬೇಡಿ, ಬೀಗದ ಕೈ ಅವರೇ ಕೊಟ್ಟಿದ್ದರು. ಜೋಗುಪಾಳ್ಯದ ಹಿಂಭಾಗದ ಒಂದು ಕಾಲೊನಿ. ಒಂದೇ ಕೋಣೆ, ಮೇಲೆ ಶೀಟು, ಮುಂದೆ ಎರಡು ಮೆಟ್ಟಿಲು. ನಾನು ಅಲ್ಲಿ ಮಾಡುತ್ತಿದ್ದ ಕೆಲಸ ಇಷ್ಟೇ: ಆ ಮನೆಯ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದು. ಎರಡು ಡಿಗ್ರಿ, ಒಂದು ಪಿಎಚ್‌.ಡಿ. ಇರುವವಳಿಗೆ ತಕ್ಕ ಕೆಲಸ.

ನನ್ನ ಖಾಯಂ ಕೆಲಸ ಏನೆಂದು ಈ ಅಂಕಣ ಓದುವವರಿಗೆ ಗೊತ್ತು. ಸರ್ಕಾರದ ಯೋಜನೆಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ, ವರದಿ ಬರೆಯುತ್ತೇನೆ. ಯಾರಿಗೆ ಏನು ತಲುಪಿತು, ಎಲ್ಲಿ ಸೋರಿತು, ಸೋರಿದ್ದನ್ನು ತಡೆಯುವುದು ಹೇಗೆ. ಆಗಾಗ ಟಿ.ವಿ. ಚರ್ಚೆಗೂ ಕರೆಯುತ್ತಾರೆ. (ಎಡಕ್ಕೊಬ್ಬರು ಬಲಕ್ಕೊಬ್ಬರು ಕಿರುಚಾಡುವಾಗ ನಡುವಿನ ಚೌಕದಲ್ಲಿ ಗಂಭೀರವಾಗಿ ತಲೆಯಾಡಿಸುತ್ತಾಳಲ್ಲ, ಅವಳು ನಾನೇ.)

ಸರೋಜಮ್ಮ ಇಂದಿರಾನಗರದ ನಮ್ಮ ಮನೆಗೆ ಕೆಲಸಕ್ಕೆ ಬರಲು ಶುರುಮಾಡಿ ಒಂಬತ್ತು ವರ್ಷವಾಯಿತು. ಬೆಳಗ್ಗೆ ಆರೂವರೆಗೆ ಮನೆ ಬಿಡುತ್ತಾರೆ. ನಮ್ಮ ಮನೆಗೆ ಬರುವ ಮೊದಲು ಎರಡು ಮನೆ, ನಮ್ಮದಾದ ಮೇಲೆ ಇನ್ನೊಂದು. ಗಂಡ ತೀರಿಕೊಂಡಿದ್ದಾರೆ. ಮಗ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್, ಅವನೂ ಒಂಬತ್ತಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. (ಇಲ್ಲಿ 'ಸರೋಜಮ್ಮ', 'ಅವರು' ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೀ 'ಸರೋಜಾ, ಬಾ ಇಲ್ಲಿ'. ನಮ್ಮಂಥವರ ಮರ್ಯಾದೆ ಕಾಗದದ ಮೇಲೆ ಸ್ವಲ್ಪ ಜಾಸ್ತಿ.)

ಎರಡು ವಾರದ ಹಿಂದೆ ಒಂದು ಬೆಳಗ್ಗೆ ಅವರು ಬಂದವರೇ ಪೊರಕೆ ಹಿಡಿಯದೆ ನನ್ನ ಮೇಜಿನ ಪಕ್ಕ ನಿಂತರು.

'ಅಕ್ಕಾ, ನಾನು ನಮ್ಮನೇಲಿ ಇಲ್ವಂತೆ.'

'ಇಲ್ವಂತೆ ಅಂದ್ರೆ?'

'ಅಂಗನವಾಡಿ ಗೋಡೆಗೆ ಲಿಸ್ಟ್ ಅಂಟಿಸವ್ರೆ. ಪಕ್ಕದ್ಮನೆ ಅಜ್ಜಿ ಮೊಮ್ಮಗ್ಳು ಓದಿ ಹೇಳಿದ್ಲು. ಎಲ್ಲಾರ್ದೂ ಸರಿಯಾಗೈತೆ, ನನ್ ಹೆಸ್ರು ಮುಂದೆ ಮಾತ್ರ ವಾಸ ಇಲ್ಲ ಅಂತ ಬರ್ದೈತಂತೆ. ಇಲ್ಲೇ ಅಲ್ವಾ ಅಕ್ಕಾ ನಾನಿರೋದು? ಇನ್ನೆಲ್ಲಿದೀನಿ?'

ಫೋನಿನಲ್ಲಿ ತೆಗೆದುಕೊಂಡು ಬಂದಿದ್ದ ಫೋಟೋ ತೋರಿಸಿದರು. ಹೌದು, ಹೆಸರು, ಮನೆ ನಂಬರು, ಅದರ ಮುಂದೆ 'ವಾಸವಿಲ್ಲ'.

ಆ ಕಾಲೊನಿಯವರಿಗೆ ಹಕ್ಕುಪತ್ರ ಕೊಡುವ ಮಾತು ಎಷ್ಟೋ ವರ್ಷದಿಂದ ಇತ್ತು. ಈ ಸಲ ನಿಜವಾಗಿಯೂ ಕೊಡುತ್ತಿದ್ದಾರೆ. ಅದಕ್ಕೇ ಸರ್ವೆ ನಡೆದಿತ್ತು. ಪಟ್ಟಿಯಲ್ಲಿ ಇದ್ದವರ ಮನೆ ಅವರದಾಗುತ್ತದೆ. 'ವಾಸವಿಲ್ಲ' ಎಂದಾದವರ ಜಾಗ ಖಾಲಿ ಎಂದು ಲೆಕ್ಕ, ಅದನ್ನು ಬೇರೆಯವರಿಗೆ ಹಂಚುತ್ತಾರೆ. ಸರೋಜಮ್ಮ ಮದುವೆಯಾಗಿ ಬಂದದ್ದು ಆ ಮನೆಗೆ. ಗೋಡೆ ಕಟ್ಟಿದ್ದು ಗಂಡ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಆ ಮನೆ ಈಗ ಕಾಗದದ ಮೇಲೆ ಖಾಲಿ ಬಿದ್ದಿತ್ತು.

'ಬಾ, ನಾನೇ ಬರ್ತೀನಿ,' ಎಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಯಾರೋ ದಡ್ಡ ಅಧಿಕಾರಿ ಎಡವಟ್ಟು ಮಾಡಿದ್ದಾನೆ, ಹೋಗಿ ನಾಲ್ಕು ಮಾತು ಆಡಿ ಬರೋಣ ಅಂದುಕೊಂಡೆ. ದಾರಿಯುದ್ದಕ್ಕೂ ಆಟೋದಲ್ಲಿ ಸರೋಜಮ್ಮನಿಗೆ ಧೈರ್ಯ ಹೇಳಿದೆ. ಇದೆಲ್ಲ ನನ್ನ ಸಬ್ಜೆಕ್ಟು, ನೀನೇನೂ ಯೋಚನೆ ಮಾಡಬೇಡ ಎಂದೆ.

ಕಚೇರಿ ಶಿವಾಜಿನಗರದಲ್ಲಿ, ಎರಡನೇ ಮಹಡಿ. ಕೇಸ್ ವರ್ಕರ್ ಗದಗಿನ ಕಡೆಯವರು. ನಾನು ದಾವಣಗೆರೆಯವಳು ಎಂದು ಗೊತ್ತಾದ ಕೂಡಲೇ ಇನ್ನೊಂದು ಕುರ್ಚಿ ಬಂತು.

'ಕುಂದರ್ರಿ ಮೇಡಂ. ನಿಮ್ಮನ್ನ ಟಿ.ವಿ.ಯಾಗ ನೋಡೀನ್ರಿ.'

ಇಷ್ಟು ಸಾಕಲ್ಲ ನನಗೆ. ಟಿ.ವಿ. ದನಿಯಲ್ಲೇ ಶುರುಮಾಡಿದೆ. ಇಪ್ಪತ್ತೆಂಟು ವರ್ಷದಿಂದ ಇರುವವರನ್ನು ಇಲ್ಲ ಎಂದು ಬರೆಯಲು ನಿಮಗೆ ಹೇಗೆ ಮನಸ್ಸು ಬಂತು, ವೋಟರ್ ಐಡಿ ಇದೆ, ರೇಷನ್ ಕಾರ್ಡ್ ಇದೆ, ಕರೆಂಟ್ ಬಿಲ್ ಇದೆ, ಯಾವ ಆಧಾರದ ಮೇಲೆ ಇದನ್ನು ಮಾಡಿದಿರಿ, ಇಂಥ ನಿಯಮ ಬರೆದ ಪುಣ್ಯಾತ್ಮ ಯಾರು? ಅಕ್ಕಪಕ್ಕದ ಮೇಜಿನವರೂ ಕೆಲಸ ನಿಲ್ಲಿಸಿ ಕೇಳಿದರು. (ಅವರು ಕೆಲಸ ಮಾಡುತ್ತಿದ್ದರು ಎಂದು ಇಟ್ಟುಕೊಂಡರೆ.)

'ನಮ್ಮ ಕೈಯಾಗ ಏನೂ ಇಲ್ರಿ ಮೇಡಂ,' ಎಂದು ಅವರು ಶಾಂತವಾಗಿ ಒಂದು ಫೈಲು ತೆಗೆದರು. 'ತಜ್ಞರು ಏನ್ ಹೇಳ್ಯಾರೋ ಅದನ್ನ ಮಾಡೀವಿ. ಕೇಳ್ರಿ ಇಲ್ಲಿ. ಮೂರು ಬಾರಿ ಭೇಟಿ ನೀಡಿದಾಗಲೂ ಬಾಗಿಲು ಮುಚ್ಚಿರುವುದು ಕಂಡುಬಂದಲ್ಲಿ, ಸದರಿ ಕುಟುಂಬವು ಸ್ಥಳದಲ್ಲಿ ವಾಸವಿಲ್ಲವೆಂದು ಪರಿಗಣಿಸತಕ್ಕದ್ದು.'

'ಕಂಡುಬಂದಲ್ಲಿ' ಎನ್ನುವ ಹೊತ್ತಿಗೇ, ಮುಂದಿನ ಸಾಲು ಅವರು ಓದುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿರದೆ ಏನು? ಬರೆದವಳು ನಾನೇ.

ಎರಡು ವರ್ಷದ ಹಿಂದಿನ ವರದಿ. ನಿಜವಾದ ಫಲಾನುಭವಿಗಳನ್ನು ಗುರುತಿಸುವುದು ಹೇಗೆ ಎಂಬ ವಿಷಯ. ಬೇರೆ ಕಡೆ ಫ್ಲ್ಯಾಟ್ ಇಟ್ಟುಕೊಂಡು ಇಲ್ಲೊಂದು ಮನೆಗೆ ಬೀಗ ಜಡಿದು ಪಟ್ಟಾಕ್ಕೆ ಕಾಯುವವರಿದ್ದಾರಲ್ಲ, ಅವರನ್ನು ಹಿಡಿಯಲು ಆ ಸಾಲು ಬರೆದಿದ್ದೆ. ಸಮಿತಿಯಲ್ಲಿ ಎಲ್ಲರೂ ಮೆಚ್ಚಿಕೊಂಡಿದ್ದರು. ಸರಳವಾಗಿದೆ, ಖರ್ಚಿಲ್ಲ, ಲಂಚಕ್ಕೆ ಜಾಗವಿಲ್ಲ ಎಂದಿದ್ದರು. ಬೀಗಕ್ಕೆ ಯಾರಾದರೂ ಲಂಚ ಕೊಡಲಾಗುತ್ತದೆಯೇ ಎಂದು ನಾನೂ ಒಂದು ಜೋಕ್ ಹೊಡೆದಿದ್ದೆ. ಎಲ್ಲರೂ ನಕ್ಕಿದ್ದರು.

ನನ್ನ ವರದಿಯಲ್ಲಿ 'ಪರಿಗಣಿಸಬಹುದು' ಎಂದಿತ್ತು. ಸರ್ಕಾರ ಅದನ್ನು 'ತಕ್ಕದ್ದು' ಮಾಡಿಕೊಂಡಿತ್ತು. ಆ ಕುರ್ಚಿಯ ಮೇಲೆ ಕೂತು ಒಂದೆರಡು ನಿಮಿಷ ಆ ವ್ಯತ್ಯಾಸವನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನಾಚಿಕೆಯಾಗುತ್ತಿರುವಾಗ ಮನುಷ್ಯ ಎಂಥೆಂಥದನ್ನೆಲ್ಲ ಹಿಡಿದುಕೊಳ್ಳುತ್ತಾನೆ ನೋಡಿ.

ಕೇಸ್ ವರ್ಕರ್ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಮೂರು ಫೋಟೋ. ಮೂರರಲ್ಲೂ ಅದೇ ಬಾಗಿಲು, ಅದೇ ಬೀಗ. ಕೆಳಗೆ ದಿನ, ಗಂಟೆ. ಮೂರೂ ಸಲ ಬೆಳಗ್ಗೆ ಹನ್ನೊಂದರ ಆಸುಪಾಸು. ಆ ಹೊತ್ತಿಗೆ ಸರೋಜಮ್ಮ ಎಲ್ಲಿರುತ್ತಾರೆ ಎನ್ನುವುದು ಇಡೀ ಬೆಂಗಳೂರಿನಲ್ಲಿ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ನಮ್ಮ ಅಡುಗೆಮನೆಯಲ್ಲಿರುತ್ತಾರೆ.

ಸರೋಜಮ್ಮ ಬಗ್ಗಿ ಆ ಫೋಟೋಗಳನ್ನು ನೋಡಿದರು. ದಿನ ಯಾವುದೆಂದು ಕೇಳಿದರು. ಎರಡನೆಯದು ಶುಕ್ರವಾರ ಎಂದಾಗ ಅವರ ಮುಖ ಬೆಳಗಿತು.

'ಅವತ್ತು ಅಲ್ವಾ ಅಕ್ಕಾ ನಿಮ್ ಆಫೀಸ್ನೋರೆಲ್ಲ ಊಟಕ್ಕೆ ಬಂದಿದ್ದು? ಸಾರ್, ಅವತ್ತು ನಾನು ಅಕ್ಕನ ಮನೇಲೇ ಇದ್ದೆ. ಬೇಕಾದ್ರೆ ಅಕ್ಕನ್ನೇ ಕೇಳಿ.'

ಸಾಕ್ಷಿ ಸಿಕ್ಕಿತೆಂದು ಅವರಿಗೆ ಖುಷಿ. ನನಗೆ ನೆನಪಾದದ್ದು ಗುರುವಾರ. ಅಂದು, ಊಟದ ಹಿಂದಿನ ದಿನ, ಅವರು ರಜೆ ಕೇಳಿದ್ದರು. 'ಪಕ್ಕದ್ ಬೀದಿ ತನಕ ಬಂದವ್ರಂತೆ ಸರ್ವೇನೋರು, ನಾಳೆ ನಮ್ ಕಡೆ ಬರಬಹುದು, ಒಂದ್ ದಿನ ಬರಲ್ಲ ಅಕ್ಕಾ' ಎಂದಿದ್ದರು. ಹನ್ನೆರಡು ಜನಕ್ಕೆ ಅಡುಗೆ, ನಾನು ಹೇಗೆ ಬಿಡಲಿ? 'ಒಂದ್ಸಲ ಸಿಗದಿದ್ರೆ ಇನ್ನೊಂದ್ಸಲ ಬರ್ತಾರೆ ಸರೋಜಾ. ಮೂರು ಸಲ ಬರ್ಲೇಬೇಕು, ರೂಲ್ಸ್ ಇದೆ. ನನಗೆ ಗೊತ್ತು' ಎಂದಿದ್ದೆ. ಆ ರೂಲ್ಸ್ ನನಗೆ ಹೇಗೆ ಗೊತ್ತು ಎಂದು ಆಗ ನನ್ನನ್ನೇ ಕೇಳಿಕೊಂಡಿರಲಿಲ್ಲ. ಅಂದಿನ ಊಟದ ಕಾರಣವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ? ಬಡವರನ್ನು ಯೋಜನೆಗಳು ತಲುಪುವ ಬಗ್ಗೆ ನಾವು ಬರೆದ ಹೊಸ ವರದಿ ಮುಗಿದಿತ್ತು, ಅದರ ಸಂತೋಷಕ್ಕೆ.

'ಈಗೇನು ಮಾಡಬಹುದು ಹೇಳಿ,' ಎಂದು ಕೇಸ್ ವರ್ಕರನ್ನು ಕೇಳಿದೆ. ನನ್ನ ಟಿ.ವಿ. ದನಿ ಆಗಲೇ ಆಫ್ ಆಗಿತ್ತು.

'ಮರುಪರಿಶೀಲನೆಗೆ ಅರ್ಜಿ ಕೊಡ್ರಿ. ಒಂದೇ ಚಾನ್ಸ್. ಮುಂದಿನ ವಾರ ಹತ್ತರಿಂದ ನಾಲ್ಕರೊಳಗ ಬರ್ತಾರ. ಬಾಗ್ಲಾ ತಗದಿರಬೇಕು. ಅಮ್ಮಾರು ಒಳಗಿಲ್ಲಾಂದ್ರ ಹತ್ತು ನಿಮಿಷದಾಗ ಬಂದು ಫೋಟೋ ಕೊಡಬೇಕು.'

'ಯಾವ ದಿನ ಬರ್ತಾರೆ?'

'ಅದನ್ನ ಹೇಳಾಕ ಬರಂಗಿಲ್ರಿ. ಮೊದ್ಲೇ ಹೇಳಿದ್ರ ಎಲ್ಲಾರೂ ಬಂದು ಕುಂದರ್ತಾರ. ಅದೂ ವರದಿಯಾಗ ಐತ್ರಿ.'

ಇತ್ತು. ಮುಂದಿನ ಪುಟದಲ್ಲಿ. ಅದೂ ನನ್ನದೇ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಸರೋಜಮ್ಮ, 'ಒಂದು ವಾರ ಹೆಂಗಕ್ಕಾ ಮನೇಲಿ ಕೂರೋದು? ಆ ಮೂರ್ ಮನೆಯೋರು ಬೇರೆಯವ್ರನ್ನ ಇಟ್ಕೊಂಡ್ಬಿಡ್ತಾರೆ' ಎಂದರು. ಮಗ ರಜೆ ಕೇಳಿದರೆ ಅಂಗಡಿಯವರು ಆಮೇಲೆ ಬರಲೇಬೇಡ ಎನ್ನುತ್ತಾರಂತೆ. ನನ್ನೊಳಗಿನ ತಜ್ಞೆ ತಕ್ಷಣ ಎಚ್ಚೆತ್ತಳು. ಸಮಸ್ಯೆ ಏನು? ಬಾಗಿಲು ತೆರೆದಿರಬೇಕು, ಕರೆದರೆ ಹತ್ತು ನಿಮಿಷದಲ್ಲಿ ಬರಬೇಕು. ನನಗೆ ವರ್ಕ್ ಫ್ರಮ್ ಹೋಮ್. ಯಾರ ಹೋಮ್ ಆದರೇನು? ನಾನು ಹೋಗಿ ಕೂರುತ್ತೇನೆ, ನೀನು ಎಂದಿನಂತೆ ಕೆಲಸ ಮುಗಿಸು, ಅವರು ಬಂದ ಕೂಡಲೇ ಫೋನ್ ಮಾಡುತ್ತೇನೆ, ಆಟೋ ಹತ್ತಿಕೊಂಡು ಬಾ ಎಂದೆ. ಸರೋಜಮ್ಮನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು. ನನ್ನ ಒಳ್ಳೆಯತನ ನೋಡಿ ನನಗೇ ಹಾಗಾಯಿತು.

ಹೀಗೆ ಸೋಮವಾರದಿಂದ ನಾನು ಜೋಗುಪಾಳ್ಯದಲ್ಲಿ. ಮೊದಲ ದಿನವೇ ಆನ್‌ಲೈನ್ ಮೀಟಿಂಗಿನಲ್ಲಿ ನನ್ನ ಹಿಂದಿನ ನೀಲಿ ಗೋಡೆ, ನೀರಿನ ಬಿಂದಿಗೆ ನೋಡಿ ನಮ್ಮ ನಿರ್ದೇಶಕರು, 'ಓ, ಫೀಲ್ಡ್‌ನಲ್ಲಿದ್ದೀರಾ? ಗ್ರೇಟ್' ಎಂದರು. ಎಲ್ಲರೂ ಚಪ್ಪಾಳೆಯ ಚಿಹ್ನೆ ಹಾಕಿದರು. ಇಷ್ಟು ವರ್ಷ ಫೀಲ್ಡ್ ಸ್ಟಡಿ ಎಂದು ಬರೆದುಕೊಂಡವಳು ಒಂದು ಕಾಲೊನಿಯಲ್ಲಿ ಊಟದ ಹೊತ್ತಿನ ತನಕ ಕೂತಿದ್ದೇ ಅದು ಮೊದಲ ಸಲ ಎಂದು ಅವರಿಗೆ ಹೇಳಲಿಲ್ಲ.

ಪಕ್ಕದ ಮನೆಯ ಅಜ್ಜಿ (ಕಾಲೊನಿಯಲ್ಲಿ ಎಲ್ಲರಿಗೂ ಅವರು ಪಾಟಿ) ಬಂದು ಮೆಟ್ಟಿಲ ಮೇಲೆ ಕೂತರು. ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಬಾಡಿಗೆ ಎಷ್ಟಮ್ಮಾ ಹೇಳಿದ್ಲು ಸರೋಜ?' ಎಂದು ವಿಚಾರಿಸಿದರು. ಬಾಡಿಗೆಯಲ್ಲ ಪಾಟಿ, ಸುಮ್ಮನೆ ಬಾಗಿಲು ಕಾಯಲು ಬಂದಿದ್ದೇನೆ ಎಂದರೆ ನಂಬಲಿಲ್ಲ. ಓದಿದವಳು ಹೀಗೂ ಸುಳ್ಳು ಹೇಳುತ್ತಾಳೆಯೇ ಎನ್ನುವಂತೆ ನೋಡಿದರು.

ಎರಡು ದಿನ ಕೂತ ಮೇಲೆ ನನಗೊಂದು ವಿಷಯ ಅರ್ಥವಾಯಿತು. ಆ ಬೀದಿಯಲ್ಲಿ ಹಗಲು ಹೊತ್ತು ಬಾಗಿಲು ತೆರೆದಿರುವುದು ಯಾರ ಮನೆಯದು? ಹಾಸಿಗೆ ಹಿಡಿದವರದು, ಕುಡಿದು ಮಲಗಿದವರದು, ಪಾಟಿಯಂಥ ವಯಸ್ಸಾದವರದು. ಬೀಗ ಬಿದ್ದಿರುವುದು ದುಡಿಯುವವರ ಮನೆಗೆ. ಎದುರು ಸಾಲಿನಲ್ಲಿ ಒಂದು ಮನೆ, ಯಜಮಾನರು ಕೆ.ಆರ್.ಪುರದಲ್ಲಿ ಸ್ವಂತ ಫ್ಲ್ಯಾಟಿನಲ್ಲಿದ್ದಾರಂತೆ. ಸರ್ವೆಯ ತಿಂಗಳು ಪೂರ್ತಿ ದೂರದ ನೆಂಟರೊಬ್ಬರನ್ನು ಅಲ್ಲಿ ಕೂರಿಸಿದ್ದರು, ಅವರ ಹೆಸರು ಪಟ್ಟಿಯಲ್ಲಿ ನೀಟಾಗಿ ಬಂದಿದೆ ಎಂದು ಪಾಟಿಯೇ ಹೇಳಿದರು. ಅಂದರೆ ನಾನು ಯಾರನ್ನು ಹಿಡಿಯಲು ಬಲೆ ಹೆಣೆದಿದ್ದೆನೋ ಅವರು ಆರಾಮಾಗಿ ಹೊರಗಿದ್ದರು. ಅವರು ಮಾಡಿದ ಉಪಾಯವನ್ನೇ ನಾನೀಗ ಮಾಡುತ್ತಾ ಕೂತಿದ್ದೆ. ಅವರಿಗೆ ಅದು ಯಾವ ವರದಿಯನ್ನೂ ಓದದೆ ಹೊಳೆದಿತ್ತು.

ಗುರುವಾರ ಹನ್ನೊಂದೂ ಕಾಲಿಗೆ ಸರ್ವೆಯವರು ಬಂದರು. ಒಬ್ಬರೇ ಒಬ್ಬರು, ಸರ್ಕಾರಿ ಶಾಲೆಯ ಮೇಷ್ಟ್ರು, ನಿವೃತ್ತಿಗೆ ಹತ್ತಿರದ ವಯಸ್ಸು. ಕಂಕುಳಲ್ಲಿ ಛತ್ರಿ, ಕೈಯಲ್ಲಿ ಟ್ಯಾಬ್. ಬಾಗಿಲಲ್ಲಿ ನಿಂತು ನನ್ನನ್ನು, ಲ್ಯಾಪ್‌ಟಾಪನ್ನು, ಚಾರ್ಜರನ್ನು, ನನ್ನ ಫ್ಲಾಸ್ಕನ್ನು ಒಂದೊಂದಾಗಿ ನೋಡಿದರು.

'ಬಾಡಿಗೆಗೆ ಇದೀರಾ ಮೇಡಂ?'

'ಇಲ್ಲ ಇಲ್ಲ. ಸರೋಜಮ್ಮನವರ ಮನೆ ಇದು. ಈಗ ಬರ್ತಾರೆ.'

'ನೀವ್ಯಾರು ಹಂಗಾದ್ರೆ?'

ನಾನು ಯಾರು? ಹೇಳುವುದು ಸುಲಭವಿರಲಿಲ್ಲ. ಸ್ನೇಹಿತೆ ಎಂದರೆ ನಂಬುವ ಹಾಗಿಲ್ಲ. ಅವರು ಕೆಲಸ ಮಾಡುವ ಮನೆಯವಳು ಎಂದೆ. ಮೇಷ್ಟ್ರು ಟ್ಯಾಬ್ ನೋಡಿದರು.

'ಇಲ್ಲಿ ಮೂರೇ ಐತೆ ಮೇಡಂ. ವಾಸ ಇದ್ದಾರೆ, ಬೀಗ ಹಾಕಿದೆ, ಬಾಡಿಗೆಗೆ ಕೊಟ್ಟಿದ್ದಾರೆ. ಕೆಲ್ಸದ ಮನೆಯೋರು ಬಂದು ಕೂತವ್ರೆ ಅಂತ ಇಲ್ಲ.'

ಬಾಡಿಗೆಗೆ ಕೊಟ್ಟವರ ಹೆಸರು ಖಾಯಮ್ಮಾಗಿ ರದ್ದು. ಮರುಪರಿಶೀಲನೆಯೂ ಇಲ್ಲ. ಅದು ಯಾವ ಪುಟದಲ್ಲಿದೆ ಎಂದೂ ನನಗೆ ಗೊತ್ತಿತ್ತು. ಸರೋಜಮ್ಮನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಎತ್ತುವುದು ಹೇಗೆ? ಕೆಲಸದ ಹೊತ್ತಿನಲ್ಲಿ ಫೋನ್ ಬ್ಯಾಗಿನಲ್ಲಿರಲಿ ಎಂದು ವರ್ಷದ ಹಿಂದೆ ನಾನೇ ಕಟ್ಟುನಿಟ್ಟು ಮಾಡಿದ್ದೆ. ಮನೆಯಲ್ಲಿದ್ದ ನಮ್ಮ ಅತ್ತೆಯವರಿಗೆ ಫೋನ್ ಮಾಡಿದೆ. ಅವರಿಗೆ ಕಿವಿ ಮಂದ. ಮೂರು ಸಲ ಹಲೋ ಎಂದು ಇಟ್ಟುಬಿಟ್ಟರು.

'ಹತ್ತು ನಿಮಿಷ ಟೈಮ್ ಐತೆ, ನೋಡಿ,' ಎಂದು ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು.

ನನಗೆ ತಡೆಯಲಾಗಲಿಲ್ಲ. 'ಸರ್, ದಯವಿಟ್ಟು ಇನ್ನೊಂದು ಸ್ವಲ್ಪ ಹೊತ್ತು ಕಾಯಿರಿ. ಈ ರೂಲ್ ಬರೆದವಳು ನಾನೇ. ಇಂಥವರನ್ನು ತೆಗೆದುಹಾಕಲು ಬರೆದದ್ದಲ್ಲ ಅದು' ಎಂದುಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. 'ನೀವೇ ಬರ್ದಿದ್ದಾ? ಹಂಗಿದ್ರೆ ಹತ್ತೇ ನಿಮಿಷ ಅಂತ ನಿಮಗೇ ಗೊತ್ತಲ್ಲ ಮೇಡಂ.'

ಕುಡಿಯಲು ನೀರು ಕೇಳಿದರು. ಕೊಟ್ಟೆ. ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳನ್ನು ನಾಲ್ಕನೇ ಕ್ಲಾಸಿನ ಜೊತೆ ಕೂರಿಸಿ ಬಂದಿದ್ದರಂತೆ. ಒಂದು ಬೀಗಕ್ಕೆ ಮೂರು ಸಲ ಬಂದು ಫೋಟೋ ತೆಗೆಯಬೇಕು, ಮಂಡಿ ನೋವು ಎಂದರು. ಆಮೇಲೆ ಮೆಲ್ಲಗೆ ನಕ್ಕರು.

'ನಮ್ಮನೇದೂ ಹೋದ್ ತಿಂಗ್ಳು ಯಾವ್ದೋ ಸರ್ವೆಲಿ ಬೀಗ ಅಂತ ಬಂದ್ಬಿಟ್ಟೈತೆ ಮೇಡಂ. ಹೆಂಡ್ತಿನೂ ಟೀಚರ್ರೇ. ಇಬ್ರೂ ಸರ್ವೆಗೆ ಹೋಗಿದ್ವಿ.'

ಹತ್ತು ನಿಮಿಷ ಮುಗಿಯಿತು. ಟ್ಯಾಬ್ ಮೊಣಕಾಲ ಮೇಲೇ ಇತ್ತು. ಅವರು ಒತ್ತಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಸರೋಜಮ್ಮನ ಫೋನ್ ಬಂತು. 'ಈಗ ನೋಡ್ದೆ ಅಕ್ಕಾ, ಬಂದೆ.' ಮೇಷ್ಟ್ರಿಗೆ ಕೇಳಿಸಿತು. ಅವರು ಗೋಡೆಗೆ ಒರಗಿಕೊಂಡು ಕಣ್ಣುಮುಚ್ಚಿದರು. ನಾನು ಬರೆದ ನಿಯಮವನ್ನು ಒಬ್ಬ ಮನುಷ್ಯ ಮುರಿಯುತ್ತಿರುವುದನ್ನು ನೋಡುತ್ತಾ ಅವರ ಎದುರು ನಿಂತಿದ್ದೆ. ಜೀವಮಾನದಲ್ಲಿ ಯಾರ ಮೇಲೂ ಅಷ್ಟು ಪ್ರೀತಿ ಬಂದಿರಲಿಲ್ಲ.

ಕಣ್ಣುಮುಚ್ಚಿಕೊಂಡೇ ಅವರೊಂದು ಮಾತು ಕೇಳಿದರು.

'ಅಲ್ಲ ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ ಪಾತ್ರೆ ನೀವೇ ತೊಳ್ಕೊಂಡು ಈ ಹೊತ್ತಿಗೆ ಆಯಮ್ಮನ್ನ ಇಲ್ಲೇ ಕೂರಿಸಬಹುದಿತ್ತಲ್ವಾ?'

ಹೇಳಲು ಎಷ್ಟೊಂದು ಇತ್ತು. ಡೆಡ್‌ಲೈನ್ ಇತ್ತು. ಅತ್ತೆಯವರ ಊಟ ಇತ್ತು. ಲ್ಯಾಪ್‌ಟಾಪನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಸಿಂಕನ್ನು ಒಯ್ಯಲಾಗುವುದಿಲ್ಲ. ನಿಜ ಇದು ಯಾವುದೂ ಅಲ್ಲ. ಆ ಉಪಾಯ ನನಗೆ ಹೊಳೆದೇ ಇರಲಿಲ್ಲ. ಸರೋಜಮ್ಮನಿಗೆ ಹೊಳೆದಿರಬಹುದು. ಆದರೆ ಒಂದು ಸಲ ರಜೆ ಕೇಳಿ ನೋಡಿದ್ದರಲ್ಲ, ಮತ್ತೆ ಯಾಕೆ ಕೇಳುತ್ತಾರೆ?

ಇಪ್ಪತ್ತೆರಡನೇ ನಿಮಿಷಕ್ಕೆ ಆಟೋ ಬಂದು ನಿಂತಿತು. ಸರೋಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಿಬಂದರು. ಮೊಣಕೈವರೆಗೂ ಸೋಪಿನ ನೊರೆ ಒಣಗಿತ್ತು. ಮೇಷ್ಟ್ರು ಎದ್ದು, 'ಬಾಗ್ಲಲ್ಲಿ ನಿಂತ್ಕೊಳ್ಳಮ್ಮಾ, ಇಲ್ಲಿ ನೋಡು' ಎಂದು ಫೋಟೋ ತೆಗೆದರು. ಮೊದಲನೆಯದರಲ್ಲಿ ಸರೋಜಮ್ಮ ಕಣ್ಣುಮುಚ್ಚಿದ್ದರು, ಆ್ಯಪ್ ಒಪ್ಪಲಿಲ್ಲ. ಎರಡನೆಯದನ್ನು ಒಪ್ಪಿತು. ಮೇಷ್ಟ್ರು ಬೆರಳೊತ್ತಿದರು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ 'ವಾಸವಿದ್ದಾರೆ' ಎಂದು ಬಂತು.

'ಆಯ್ತಮ್ಮಾ, ಹಕ್ಕುಪತ್ರ ಬರ್ತದೆ,' ಎಂದು ಛತ್ರಿ ಬಿಡಿಸಿಕೊಂಡು ಮೇಷ್ಟ್ರು ಮುಂದಿನ ಬೀದಿಗೆ ಹೋದರು. ನನ್ನ ಬಗ್ಗೆ ಸರೋಜಮ್ಮನಿಗೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಸರೋಜಮ್ಮ ತಮ್ಮದೇ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಂದೆರಡು ನಿಮಿಷ ಅತ್ತರು. ಪಾಟಿ ಬಂದು ತಲೆ ಸವರಿದರು. ನಾನು ಚಾರ್ಜರ್ ಸುತ್ತಿಕೊಳ್ಳುತ್ತಿದ್ದೆ, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಸರೋಜಮ್ಮ ಕಣ್ಣೊರೆಸಿಕೊಂಡು ಎದ್ದರು. 'ನಿಮ್ ಅತ್ತೆಗೆ ಊಟ ಬಡಿಸಿಲ್ಲ ಅಕ್ಕಾ, ಕುಕ್ಕರ್ ಹಂಗೇ ಐತೆ' ಎನ್ನುತ್ತಾ ಬಾಗಿಲು ಎಳೆದು ಬೀಗ ಹಾಕಿದರು. ಜಗ್ಗಿ ನೋಡಿದರು. ಆಟೋ ಹತ್ತುವಾಗ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳಲೆಂದು ಕೇಳಿದರು.

'ಅಕ್ಕಾ, ಈ ರೂಲ್ಸ್ ಬರ್ದೋರ ಮನೇಲಿ ಹಗ್ಲೊತ್ತು ಯಾವಾಗ್ಲೂ ಯಾರಾದ್ರೂ ಇರ್ತಾರೆ ಅನ್ಸುತ್ತೆ, ಅಲ್ವಾ?'

ಇರುತ್ತಾರೆ, ತಮ್ಮ ಮನೆಗೆ ಬೀಗ ಹಾಕಿ ಬಂದವರು.